ಐದನೇ ತೂತು

ಮಾರ್ಚ್ ೪, ೧೯೯೭

ಅಣ್ಣನಿಗೆ,

ಅಪ್ಪ ತೀರಿಕೊಂಡಾಗ ನೀನು ಬರೆದ ಎರಡು ಸಾಲಿನ ಕಾರ್ಡಿನ ಮೂಲೆಯಲ್ಲಿ ಪಂಪ್‌ಹೌಸಿನ ವಿಳಾಸವಿತ್ತು. ಅದಕ್ಕೇ ಬರೆಯುತ್ತಿದ್ದೇನೆ. ಎಂಟು ತಿಂಗಳಲ್ಲಿ ನಿನಗೆ ವರ್ಗವಾಗಿರಲಾರದು ಅಂದುಕೊಳ್ಳುತ್ತೇನೆ.

ವಿಷಯ ಅಪ್ಪನ ಮೋಟರ್‌ಸೈಕಲ್ಲಿನದು. ಹಿತ್ತಲಿನ ಶೆಡ್ಡಿನ ಗೋಡೆ ವಾಲಿದೆ. ಗಾರೆಯವನು ನೋಡಿ, ಒಳಗಿರುವುದನ್ನೆಲ್ಲ ಖಾಲಿ ಮಾಡದೆ ಕೈ ಹಚ್ಚುವುದಿಲ್ಲ ಎಂದ. ಬಣ್ಣದ ಡಬ್ಬಿ, ಮುರಿದ ಕುರ್ಚಿ, ಏಣಿ ಎಲ್ಲ ಹೊರಗೆ ಬಂದವು. ಗಾಡಿ ಬರಲಿಲ್ಲ. ಗೇರಿನಲ್ಲೇ ನಿಂತಿದೆ, ಗೇರು ಬಿಡಿಸಲು ಆಗುತ್ತಿಲ್ಲ. ಕೊನೆಗೆ ಗಾರೆಯವನು ಹಿಂದಿನ ಚಕ್ರ ಎತ್ತಿ ಹಿಡಿದ, ನಾನು ಮುಂದೆ ಹ್ಯಾಂಡಲ್ ಹಿಡಿದೆ. ಈಗ ಅದು ಹಜಾರದಲ್ಲಿ, ನನ್ನ ಹೊಲಿಗೆ ಮೇಜಿನ ಪಕ್ಕದಲ್ಲಿದೆ. ಕೆಳಗೆ ಹಳೆ ಬೆಡ್‌ಶೀಟು ಹಾಸಿದ್ದೇನೆ.

ಗುಜರಿಯವನು ಬಂದು ಸುತ್ತು ಹಾಕಿ ಹೋದ. ಕೊಡಲಿಲ್ಲ. ಇಂಜಿನ್ ಬಿಚ್ಚಿ ಸರಿಮಾಡಬೇಕೆಂದಿದ್ದೇನೆ. ಯಾಕೆ ಅಂತ ಕೇಳಬೇಡ. ಗಾರ್ಮೆಂಟ್ಸಿನಲ್ಲಿ ಇಪ್ಪತ್ತು ವರ್ಷದಿಂದ ಪ್ಯಾಟರ್ನ್ ಕತ್ತರಿಸುವುದೇ ನನ್ನ ಕೆಲಸ. ಕೈ ನಡುಗುವುದಿಲ್ಲ, ಅಳತೆ ತಪ್ಪುವುದಿಲ್ಲ. ಅಪ್ಪನ ಸ್ಪ್ಯಾನರುಗಳು ಪೂರಾ ಇವೆ. ಗೊತ್ತಿಲ್ಲದಿರುವುದು ಒಂದೇ: ಮೂವತ್ತು ವರ್ಷದಿಂದ ಹಿಡಿದುಕೊಂಡು ಕೂತಿರುವ ಪಿಸ್ಟನ್ನನ್ನು ಮುರಿಯದೆ ಬಿಡಿಸುವುದು ಹೇಗೆ? ಬೀದಿ ಕೊನೆಯ ಮೆಕ್ಯಾನಿಕ್ಕನ್ನು ಕೇಳಿದರೆ, ಸುತ್ತಿಗೆ ತಗೊಂಡು ಎರಡು ಕೊಡಿ ಅಕ್ಕಾ ಎಂದ. ಅವನನ್ನು ನಂಬಲಾರೆ.

ಅಮ್ಮನಿಗೆ ಈಗ ಎಪ್ಪತ್ನಾಲ್ಕು. ಕಣ್ಣಿಗೆ ಪೊರೆ ಬಂದಿದೆ, ಪತ್ರಗಳನ್ನು ನಾನೇ ಓದಿ ಹೇಳಬೇಕು. ಉಳಿದಂತೆ ಚೆನ್ನಾಗಿದ್ದಾಳೆ. ನೀನು ಬರಬಾರದು ಎನ್ನುವವರು ಈಗ ಮನೆಯಲ್ಲಿ ಯಾರೂ ಇಲ್ಲ. ಇದನ್ನು ಒಂದು ಸಲ ಬರೆದಿದ್ದೇನೆ, ಮತ್ತೆ ಮತ್ತೆ ಬರೆಯುವುದಿಲ್ಲ.

ನಿನ್ನ ತಂಗಿ


ಮಾರ್ಚ್ ೧೯, ೧೯೯೭

ತಂಗಿಗೆ ಆಶೀರ್ವಾದಗಳು.

ಪತ್ರ ತಲುಪಿತು. ಸುತ್ತಿಗೆ ಮುಟ್ಟಬೇಡ.

ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿನಿಂದ ಡೀಸೆಲ್ ಮತ್ತು ಸೀಮೆಎಣ್ಣೆ ಸಮ ಬೆರೆಸಿ ಅರ್ಧ ಲೋಟ ಹುಯ್ಯಿ. ಮೂರು ವಾರ ಬಿಡು. ಎರಡು ದಿನಕ್ಕೊಮ್ಮೆ ಕಡ್ಡಿ ಇಳಿಸಿ ನೋಡು. ಕಡಿಮೆಯಾಗಿದ್ದರೆ ಒಳ್ಳೆಯದು, ಪಿಸ್ಟನ್ನಿನ ಸುತ್ತ ಸಂದಿಗೆ ಇಳಿಯುತ್ತಿದೆ ಎಂದರ್ಥ. ಮತ್ತೆ ಹುಯ್ಯಿ. ಮೂರು ವಾರದ ನಂತರ ಹಿಂದಿನ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಬೆರಳಿನಷ್ಟು ಮುಂದೆ, ಒಂದು ಬೆರಳಿನಷ್ಟು ಹಿಂದೆ ಅಲ್ಲಾಡಿಸು. ಗಾಡಿ ಗೇರಿನಲ್ಲಿರುವುದು ಇದಕ್ಕೆ ಅನುಕೂಲ. ಬಲ ಹಾಕಬೇಡ. ಜಗ್ಗದಿದ್ದರೆ ಇಂಜಿನ್ನಿನ ಹೆಡ್, ಅಂದರೆ ಸಿಲಿಂಡರಿನ ಮೇಲಿನ ಮುಚ್ಚಳ, ಬಿಚ್ಚು. ನಟ್ಟುಗಳನ್ನು ಎದುರು ಬದುರಾಗಿ, ಕಾಲು ಸುತ್ತಿನಂತೆ ಸಡಿಲಿಸು. ಬಿಚ್ಚಿದ್ದನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡು.

ಇಂಜಿನ್ನಿನ ಎಣ್ಣೆ ಟ್ಯಾಂಕಿನಲ್ಲಿ ಏನಾದರೂ ಉಳಿದಿದ್ದರೆ ತೆಗೆದುಬಿಡು. ಉಳಿದಿರಲಾರದು.

ಇಲ್ಲಿ ಕೆಲಸ ಹೆಚ್ಚು. ರಜೆ ಸಿಗುವುದು ಕಷ್ಟ.

ಅಣ್ಣ


ಏಪ್ರಿಲ್ ೨೦, ೧೯೯೭

ಅಣ್ಣನಿಗೆ,

ನೀನು ಹೇಳಿದ ಹಾಗೇ ಮಾಡಿದೆ. ಮೊದಲ ವಾರ ಡೀಸೆಲ್ ಇದ್ದಷ್ಟೇ ಇತ್ತು. ಎರಡನೇ ವಾರದಿಂದ ಇಳಿಯತೊಡಗಿತು. ಅಮ್ಮ ದಿನಾ ಬೆಳಿಗ್ಗೆ ಎದ್ದವಳೇ, "ಕುಡೀತಾ?" ಎಂದು ಕೇಳುತ್ತಾಳೆ, ಜ್ವರ ಬಂದ ಮಗುವಿಗೆ ಔಷಧಿ ಹಾಕಿದ ಹಾಗೆ.

ಚಕ್ರ ಜಗ್ಗಲಿಲ್ಲ. ಹೆಡ್ ಬಿಚ್ಚಿದ್ದೇನೆ. ಪಿಸ್ಟನ್ ನಡುದಾರಿಯಲ್ಲಿ ನಿಂತಿದೆ. ಅದರ ನೆತ್ತಿ ಕರಿಯಾಗಿದೆ, ಬೇರೆ ಏನೂ ಮುರಿದಂತೆ ಕಾಣುವುದಿಲ್ಲ. ನಟ್ಟುಗಳನ್ನು ನನ್ನ ಗುಂಡಿ ಡಬ್ಬಿಯ ಖಾನೆಗಳಲ್ಲಿ ಹಾಕಿ, ಒಂದೊಂದಕ್ಕೂ ಚೀಟಿ ಅಂಟಿಸಿದ್ದೇನೆ.

ಎಣ್ಣೆ ಟ್ಯಾಂಕಿನಲ್ಲಿ ಉಳಿದಿರಲಾರದು ಎಂದಿದ್ದೆ. ಟ್ಯಾಂಕು ತುಂಬಿದೆ. ಟಾರಿನಂತೆ ಗಟ್ಟಿಯಾಗಿ ಕಪ್ಪಾಗಿತ್ತು, ಆದರೆ ಗೆರೆಗಿಂತ ಎರಡು ಬೆರಳಷ್ಟೇ ಕಡಿಮೆ. ಎರಡು ಲೀಟರಿನ ಡಬ್ಬಿ ತುಂಬಿತು.

ಇದನ್ನು ನೋಡಿದ ಮೇಲೆ ಆ ಭಾನುವಾರ ಮತ್ತೆ ನೆನಪಾಯಿತು. ನೀನು ಅಮ್ಮನನ್ನು ಹಿಂದೆ ಕೂರಿಸಿಕೊಂಡು ಚಿಕ್ಕಮ್ಮನ ಮನೆಗೆ ಹೊರಟದ್ದು. ಏರಿನಲ್ಲಿ ಇಂಜಿನ್ ಹಿಡಿದುಕೊಂಡು, ಚಕ್ರ ಕಚ್ಚಿ, ಅಮ್ಮ ಬಿದ್ದು ಸೊಂಟ ಮುರಿದುಕೊಂಡದ್ದು. ಆಸ್ಪತ್ರೆಯ ಕಾರಿಡಾರಿನಲ್ಲಿ ಅಪ್ಪ ನಿನಗೆ, ಎಣ್ಣೆ ಇಲ್ಲದೆ ಇಂಜಿನ್ ಸುಟ್ಟೆ, ತಾಯಿಯನ್ನೂ ಕೆಡವಿದೆ, ಇನ್ನು ನನ್ನ ಮನೆ ಮೆಟ್ಟಿಲು ಹತ್ತಬೇಡ ಎಂದದ್ದು. ನನಗೆ ಹದಿನಾರು ವರ್ಷ. ನೀರಿನ ಹೂಜಿ ಹಿಡಿದು ಅಲ್ಲೇ ನಿಂತಿದ್ದೆ.

ಎಣ್ಣೆ ಇತ್ತಲ್ಲ, ಅಣ್ಣಾ. ಇದಕ್ಕೆ ನೀನು ಏನು ಹೇಳುತ್ತೀಯ?

ನಿನ್ನ ಪತ್ರ ಓದಿ ಮುಗಿಸಿದಾಗ ಅಮ್ಮ, ಇನ್ನೊಂದು ಹಾಳೆ ಇರಬೇಕು ನೋಡು ಎಂದಳು. ಇರಲಿಲ್ಲ.

ತಂಗಿ


ಮೇ ೨೨, ೧೯೯೭

ತಂಗಿಗೆ,

ಉತ್ತರ ತಡವಾಯಿತು. ಎರಡನೇ ಪಂಪಿನ ಬೇರಿಂಗ್ ಹೋಗಿತ್ತು.

ಟ್ಯಾಂಕಿಗೆ ಅಪ್ಪ ಆಮೇಲೆ ಹುಯ್ದಿರಬೇಕು. ಬಿಚ್ಚಿ ಸರಿಮಾಡೋಣ ಎಂದು ತುಂಬಿಸಿ, ನಂತರ ಮನಸ್ಸಾಗದೆ ಬಿಟ್ಟಿರಬೇಕು. ಬೇರೆ ಯಾವ ರೀತಿಯಲ್ಲೂ ಅದು ತುಂಬಿರಲು ಸಾಧ್ಯವಿಲ್ಲ. ಈ ಮಾತು ಇಲ್ಲಿಗೆ ಬಿಡು.

ಈಗ ಸಿಲಿಂಡರ್. ಬುಡದ ನಾಲ್ಕು ನಟ್ಟು ಬಿಚ್ಚು. ಕುದಿಯುವ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಹೊರಮೈಗೆ ಸುತ್ತು, ಲೋಹ ಹಿಗ್ಗುತ್ತದೆ. ಪಿಸ್ಟನ್ನಿನ ನೆತ್ತಿಗೆ ಗಟ್ಟಿ ಮರದ ತುಂಡಿಟ್ಟು ಮರದ ಕೊಡತಿಯಿಂದ ತಟ್ಟು. ಕಬ್ಬಿಣ ಬೇಡ. ಹತ್ತು ಸಲ ತಟ್ಟು, ಮತ್ತೆ ಡೀಸೆಲ್ ಬಿಡು, ಮರುದಿನ ತಟ್ಟು. ಒಂದು ದಿನ ಟಕ್ಕೆಂದು ಬಿಡುತ್ತದೆ. ಆಗ ನಿನಗೇ ನಗು ಬರುತ್ತದೆ.

ಸಿಲಿಂಡರಿನ ಅಡಿಯಲ್ಲಿ ರಟ್ಟಿನ ಪ್ಯಾಕಿಂಗ್ ಇರುತ್ತದೆ. ಎರಡು ಲೋಹದ ನಡುವಿನಿಂದ ಎಣ್ಣೆ ಸೋರದಿರಲು ಅದು. ಹರಿಯದಂತೆ ಬಿಡಿಸಿಕೋ, ಹೊಸದಕ್ಕೆ ಅದೇ ಪ್ಯಾಟರ್ನ್. ಐದು ತೂತು ಇರುತ್ತವೆ. ನಾಲ್ಕು ಬೋಲ್ಟಿಗೆ. ಐದನೆಯದು ಬಟಾಣಿಗಿಂತ ಚಿಕ್ಕದು, ಹಿಂಬದಿಯಲ್ಲಿ. ಸಿಲಿಂಡರಿನ ಗೋಡೆಗೆ ಎಣ್ಣೆ ಹತ್ತುವ ದಾರಿ ಅದೊಂದೇ. ಇದನ್ನು ನಿನಗೆ ಹೇಳಬೇಕೇ? ಅಪ್ಪನಿಗೆ ಪ್ಯಾಕಿಂಗ್ ಕತ್ತರಿಸಿ ಕೊಡುತ್ತಿದ್ದವಳೇ ನೀನು. ಹಿತ್ತಲ ಮೆಟ್ಟಿಲ ಮೇಲೆ ಕೂತು, ನಾಲಗೆ ಕಚ್ಚಿಕೊಂಡು ಕತ್ತರಿಸುತ್ತಿದ್ದೆ. ನಾನು ಕತ್ತರಿ ಎಂದು ಕರೆದರೆ ಕತ್ತರಿಯನ್ನೇ ಎತ್ತಿಕೊಂಡು ಅಟ್ಟಿಸಿಕೊಂಡು ಬರುತ್ತಿದ್ದೆ.

ಇಲ್ಲಿ ನನಗೂ ಒಂದು ಅಡ್ಡಹೆಸರಿದೆ, ಎಣ್ಣೆ ಸಾಹೇಬ. ಆರು ಪಂಪುಗಳಿವೆ. ಪಾಳಿಗೆ ಒಂದು ಸಲ ಎಣ್ಣೆ ನೋಡಿದರೆ ಸಾಕು, ನಾನು ಮೂರು ಸಲ ನೋಡುತ್ತೇನೆ. ಹೊಸದಾಗಿ ಬಂದ ಇಂಜಿನಿಯರು ಹೆಸರು ಕೇಳಿ ಬೇರೆ ಅರ್ಥ ಮಾಡಿಕೊಂಡು, ಒಂದು ಸಂಜೆ ಬಾಟಲಿ ಹಿಡಿದು ಕ್ವಾರ್ಟರ್ಸಿಗೇ ಬಂದುಬಿಟ್ಟರು. ಚಹಾ ಕೊಟ್ಟು ಕಳಿಸಿದೆ.

ಅಣ್ಣ


ಜೂನ್ ೯, ೧೯೯೭

ಅಣ್ಣನಿಗೆ,

ಸಿಲಿಂಡರ್ ಜೂನ್ ಮೂರಕ್ಕೆ ಬಿಟ್ಟಿತು. ನೀನು ಹೇಳಿದಂತೆ ಟಕ್ಕೆಂದಿತು. ಅದರ ಒಳಗೋಡೆಯಲ್ಲಿ ಗೀರುಗಳಿವೆ. ಸಿಲಿಂಡರ್ ಕೊರೆದು ನುಣುಪು ಮಾಡುವ ಬೋರಿಂಗ್ ಅಂಗಡಿಗೆ ಕೊಟ್ಟಿದ್ದೇನೆ. ಇಪ್ಪತ್ತು ದಿನ ಎಂದರು, ಅಂದರೆ ನಲವತ್ತು.

ಹಳೆ ಪ್ಯಾಕಿಂಗ್ ಬಿಡಿಸುವಾಗ ಪುಡಿಯಾಯಿತು. ಹೊಸದನ್ನು ಅಂಗಡಿಯಿಂದ ತರುತ್ತೇನೆ.

ಫ್ಯಾಕ್ಟರಿಯಲ್ಲಿ ಆರ್ಡರು ಹೆಚ್ಚಿದೆ. ಸ್ವಲ್ಪ ದಿನ ಬರೆಯಲಾಗದು.

ತಂಗಿ


ಜೂನ್ ೨೪, ೧೯೯೭

ಕತ್ತರಿಗೆ,

ಆ ಗಾಡಿಯ ಪ್ಯಾಕಿಂಗ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಸಿಗುತ್ತಿದ್ದರೆ ಅಪ್ಪ ನಿನ್ನ ಕೈಯಲ್ಲಿ ಯಾಕೆ ಮಾಡಿಸುತ್ತಿದ್ದರು? ನೀನು ಏನನ್ನೋ ಮುಚ್ಚಿಡುತ್ತಿದ್ದೀಯ. ಏನೆಂದು ನನಗೆ ಗೊತ್ತು. ಸಿಲಿಂಡರಿನ ಗೀರು ನೋಡಿದ್ದೀಯ. ಎಣ್ಣೆಯಿಲ್ಲದೆ ಓಡಿದ ಇಂಜಿನ್ ಹೇಗಿರುತ್ತದೆಂದು ಕಣ್ಣಾರೆ ಕಂಡ ಮೇಲೆ ಅಣ್ಣನಿಗೆ ಉದ್ದದ ಪತ್ರ ಬರೆಯಲು ಯಾರಿಗೆ ಮನಸ್ಸಾಗುತ್ತದೆ?

ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಆ ಬೆಳಿಗ್ಗೆ ಅಪ್ಪ, ಎಣ್ಣೆ ನೋಡಿಕೊಂಡು ಹೋಗು ಎಂದಿದ್ದರು. ನಾನು ನೋಡಲಿಲ್ಲ. ಶರ್ಟಿಗೆ ಕಲೆಯಾಗುತ್ತದೆ ಅಂತ. ಕಾರಿಡಾರಿಗೆ ನೀನು ಬರುವ ಮೊದಲು ಅಪ್ಪ ಕೇಳಿದರು, "ಎಣ್ಣೆ ನೋಡಿದ್ಯಾ?" ನೋಡಿದೆ ಎಂದೆ. ಅಪ್ಪ, "ಹಾಗಾದ್ರೆ ಇಂಜಿನ್ನೇ ಸುಳ್ಳು ಹೇಳ್ತಿದೆ" ಎಂದರು. ನೀನು ಕೇಳಿದ ಮಾತುಗಳು ಅದರ ನಂತರದವು.

ಇದನ್ನು ಅಮ್ಮನಿಗೆ ಓದಬೇಡ.

ಎರಡನೇ ಪಂಪಿನ ಬೇರಿಂಗ್ ಎರಡು ದಿನದಲ್ಲಿ ಸರಿಯಾಗಿತ್ತು. ಟ್ಯಾಂಕು ತುಂಬಿತ್ತು ಎಂದು ನೀನು ಬರೆದದ್ದನ್ನು ಓದಿ ಒಂದು ತಿಂಗಳು ಪೆನ್ನು ಹಿಡಿಯಲಿಲ್ಲ.

ಅಣ್ಣ


ಆಗಸ್ಟ್ ೨, ೧೯೯೭

ಅಣ್ಣಾ,

ಪ್ಯಾಕಿಂಗ್ ಪುಡಿಯಾಗಿರಲಿಲ್ಲ. ಎರಡು ರಟ್ಟಿನ ನಡುವೆ ಇಟ್ಟು ಇದರ ಜೊತೆ ಕಳಿಸುತ್ತಿದ್ದೇನೆ. ಎಣಿಸಿ ನೋಡು. ನಾಲ್ಕೇ ತೂತು.

ಬೆಳಕಿಗೆ ಓರೆಯಾಗಿ ಹಿಡಿದರೆ ಎಣ್ಣೆಯ ಕೆಳಗೆ ಅಕ್ಷರಗಳು ಕಾಣುತ್ತವೆ. ಭೂಗೋಳ, ಹತ್ತನೇ ತರಗತಿ. ನನ್ನ ಕೈಬರಹ, ನನ್ನ ನೋಟ್‌ಬುಕ್ಕಿನ ರಟ್ಟು.

ನೀನು ಹೊರಡುವ ಹಿಂದಿನ ದಿನ, ಶನಿವಾರ, ಅಪ್ಪ ಪಿಸ್ಟನ್ನಿನ ಉಂಗುರ ಬದಲಾಯಿಸಲು ಇಂಜಿನ್ ಬಿಚ್ಚಿದ್ದರು. ಹಳೆ ಪ್ಯಾಕಿಂಗ್ ನನ್ನ ಕೈಗಿಟ್ಟು, ಇದರಂತೆ ಒಂದು ಮಾಡು ಎಂದರು. ಸಿಲಿಂಡರಿನ ಅಡಿಯದನ್ನು ನಾನು ಕತ್ತರಿಸಿದ್ದು ಅದೇ ಮೊದಲು. ಅದು ಹಿಂಬದಿಯಲ್ಲಿ ಹರಿದಿತ್ತು. ಹರಿದ ಕಡೆ ಅರ್ಧಚಂದ್ರದಂಥ ಒಂದು ಕಚ್ಚು ಉಳಿದಿತ್ತು. ಅದು ತೂತಿನ ಅರ್ಧ ಎಂದು ನನಗೆ ಹೊಳೆಯಲಿಲ್ಲ, ಹರಿದದ್ದರ ಭಾಗವೇ ಎಂದುಕೊಂಡೆ. ಗೆರೆ ನೇರ ಮಾಡಿ, ಚೊಕ್ಕವಾಗಿ ಕತ್ತರಿಸಿದೆ. ಅಪ್ಪ ಅದನ್ನು ಕಿಟಕಿಗೆ ಹಿಡಿದು ನೋಡಿ, ಕಂಪನಿಯವರದ್ದಕ್ಕಿಂತ ಚೆನ್ನಾಗಿದೆ ಎಂದರು. ಹಾಕಿದರು. ಅಪ್ಪ ಹೊಗಳಿದ್ದು ಕಡಿಮೆ, ಅದಕ್ಕೇ ಆ ಮಾತು ಇವತ್ತಿಗೂ ನೆನಪಿದೆ.

ಗೀರುಗಳು ಸಿಲಿಂಡರಿನ ಹಿಂದಿನ ಗೋಡೆಯಲ್ಲಿ ಮಾತ್ರ ಇವೆ. ಎಣ್ಣೆ ಹತ್ತಬೇಕಾದ ಕಡೆ. ಬೋರಿಂಗ್ ಅಂಗಡಿಯವರು ಬೆರಳಿಟ್ಟು ತೋರಿಸಿದರು, ದಾರಿ ಮುಚ್ಚಿತ್ತು ಕಣಮ್ಮ ಎಂದರು.

ಟ್ಯಾಂಕಿಗೆ ಅಪ್ಪ ಆಮೇಲೆ ಹುಯ್ದರು ಎಂದೆಯಲ್ಲ, ಹುಯ್ಯಲಿಲ್ಲ. ಆ ಸಂಜೆ ಲಾರಿಯಲ್ಲಿ ಗಾಡಿ ಬಂದಾಗ ನಾನು ಆಸ್ಪತ್ರೆಯಿಂದ ಬಟ್ಟೆ ತರಲು ಮನೆಗೆ ಬಂದಿದ್ದೆ. ಅಪ್ಪ ಮುಚ್ಚಳ ತೆಗೆದು ಕಡ್ಡಿ ಅದ್ದಿ ನೋಡಿದರು. ಒರೆಸಿ, ಮತ್ತೆ ಅದ್ದಿ ನೋಡಿದರು. ಏನು ಕಂಡರೆಂದು ನನಗೆ ಈಗ ಅರ್ಥವಾಗುತ್ತಿದೆ. ಮುಚ್ಚಳ ಹಾಕಿ, ಕೈ ತೊಳೆದುಕೊಂಡು ಆಸ್ಪತ್ರೆಗೆ ಹೋದರು. ನಿನಗೆ ಹೇಳಬಹುದಿತ್ತು, ನೀನು ಇನ್ನೂ ಎಂಟು ದಿನ ಊರಿನಲ್ಲೇ ಇದ್ದೆ. ಹೇಳಲಿಲ್ಲ. ಅಕ್ಕಪಕ್ಕದವರ ಇಂಜಿನ್ನುಗಳನ್ನೆಲ್ಲ ಬಿಚ್ಚುತ್ತಿದ್ದವರು ಇದಕ್ಕೊಂದು ಸ್ಪ್ಯಾನರ್ ಹಚ್ಚಲಿಲ್ಲ. ಯಾಕೆಂದು ನಾನು ಊಹಿಸಲು ಹೋಗುವುದಿಲ್ಲ.

ನೀನು ಎಣ್ಣೆ ನೋಡಿದ್ದರೂ ಟ್ಯಾಂಕು ತುಂಬಿಯೇ ಇರುತ್ತಿತ್ತು. ನಿನ್ನ ಸುಳ್ಳು ನಿಜವೇ ಆಗಿತ್ತು.

ಇನ್ನೊಂದು. ಈ ರಿಪೇರಿ ನನ್ನ ಯೋಚನೆಯಲ್ಲ, ಅಮ್ಮನದು. "ಹೇಗಿದ್ದೀಯ ಅಂತ ಕೇಳಿದ್ರೆ ಅವನು ಉತ್ತರ ಬರಿಯಲ್ಲ, ಇಂಜಿನ್ ಹೇಗೆ ಬಿಚ್ಚೋದು ಅಂತ ಕೇಳು" ಎಂದಳು. ಇಂಜಿನ್ನಿನ ಒಳಗೆ ಏನಿದೆಯೆಂದು ಅವಳಿಗೂ ಗೊತ್ತಿರಲಿಲ್ಲ.

ನನಗೆ ಮನೆ ಉಳಿಯಿತು, ಅಮ್ಮ ಉಳಿದಳು. ನಿನಗೆ ಎರಡೂ ಉಳಿಯಲಿಲ್ಲ. ಕ್ಷಮಿಸು ಎಂದು ಬರೆಯಲು ಕೂತೆ. ಇಷ್ಟು ಬರೆಯುವಷ್ಟರಲ್ಲಿ ಆ ಪದ ಬಹಳ ಚಿಕ್ಕದಾಗಿ ಕಾಣುತ್ತಿದೆ. ಆದರೂ ಬರೆದಿದ್ದೇನೆ.

ತಂಗಿ


ಸೆಪ್ಟೆಂಬರ್ ೧೫, ೧೯೯೭

ಅಣ್ಣಾ,

ರಿಜಿಸ್ಟರ್ ಪತ್ರ ನಿನ್ನ ಕೈ ಸೇರಿದ್ದಕ್ಕೆ ಸಹಿ ಮಾಡಿದ ಚೀಟಿ ವಾಪಸು ಬಂದಿದೆ. ಆರು ವಾರವಾಯಿತು.

ಸಿಲಿಂಡರ್ ಬಂತು. ಹೊಸ ಪಿಸ್ಟನ್ ಹಾಕಿದ್ದೇನೆ. ಪ್ಯಾಕಿಂಗ್ ನಾನೇ ಕತ್ತರಿಸಿದೆ, ಸಿಲಿಂಡರಿನ ಬುಡಕ್ಕೇ ಒತ್ತಿ ಗುರುತು ತೆಗೆದುಕೊಂಡು. ಹಾಕುವ ಮೊದಲು ಐದನೇ ತೂತಿನಿಂದ ಸೂಜಿ ತೂರಿಸಿ ನೋಡಿದೆ, ಹಾಕಿದ ಮೇಲೆ ಪಿಚಕಾರಿಯಲ್ಲಿ ಎಣ್ಣೆ ಬಿಟ್ಟು ನೋಡಿದೆ. ಹತ್ತುತ್ತದೆ.

ಅಮ್ಮನಿಗೆ ನಿನ್ನ ಪತ್ರವನ್ನೂ ನನ್ನ ಪತ್ರದ ನಕಲನ್ನೂ ಓದಿದೆ. ನೀನು ಬೇಡ ಎಂದಿದ್ದೆ, ಓದಿದೆ. ಪೂರಾ ಕೇಳಿ, ಬೆರಳಿಂದ ಮೇಜಿನ ಮೇಲಿದ್ದ ನೂಲಿನ ಚೂರುಗಳನ್ನು ಒಂದು ಕಡೆ ಸೇರಿಸುತ್ತಾ ಹೇಳಿದಳು: "ಮುರಿದಿದ್ದು ನನ್ನ ಸೊಂಟ. ನೀವು ಮೂರೂ ಜನ ಅದನ್ನ ಹಂಚಿಕೊಂಡು ಕೂತ್ರಿ. ನನ್ನನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ?"

ನಿನ್ನ ಹತ್ತಿರ ಉತ್ತರ ಇದ್ದರೆ ಬರೆ.

ತಂಗಿ


ಅಕ್ಟೋಬರ್ ೬, ೧೯೯೭

ಪ್ಯಾಕಿಂಗ್ ಸಿಕ್ಕಿತು. ಎಣಿಸಿದೆ.

ಅದಾದ ಮೇಲೂ ಪಾಳಿಗೆ ಮೂರು ಸಲ ಎಣ್ಣೆ ನೋಡುವುದು ಯಾಕೆಂದೇ ತಿಳಿಯದೆ ನೋಡುತ್ತಿದ್ದೆ. ಕಳೆದ ವಾರ ಒಂದು ದಿನ ಬೇಕೆಂದೇ ಒಂದೇ ಸಲ ನೋಡಿದೆ. ಪಂಪಿಗೆ ಏನೂ ಆಗಲಿಲ್ಲ. ನನಗೆ ವಿಪರೀತ ಸಿಟ್ಟು ಬಂತು. ನಿನ್ನ ಮೇಲಲ್ಲ. ಅಪ್ಪನ ಮೇಲೂ ಪೂರ್ತಿ ಅಲ್ಲ.

ನಿನಗೆ ಗೊತ್ತಿಲ್ಲದ್ದು ಒಂದಿದೆ. ಇಂಜಿನ್ ಒಮ್ಮೆಗೇ ಹಿಡಿಯುವುದಿಲ್ಲ. ಮೊದಲು ಬಿಗಿಯುತ್ತದೆ. ಆಕ್ಸಿಲರೇಟರ್ ಎಷ್ಟು ತಿರುವಿದರೂ ಯಾರೋ ಹಿಂದಿನಿಂದ ಎಳೆದು ಹಿಡಿದ ಹಾಗಾಗುತ್ತದೆ. ಆಗ ಕ್ಲಚ್ ಒತ್ತಿದರೆ ಮುಗಿಯಿತು. ಚಕ್ರ ಸ್ವತಂತ್ರವಾಗುತ್ತದೆ, ಗಾಡಿ ಉರುಳಿಕೊಂಡು ಹೋಗಿ ನಿಲ್ಲುತ್ತದೆ, ಇಂಜಿನ್ ಕೆಟ್ಟರೂ ಯಾರೂ ಬೀಳುವುದಿಲ್ಲ. ಅಪ್ಪ ನನಗೆ ಗಾಡಿ ಕಲಿಸಿದಾಗ ಹೇಳಿದ ಮೊದಲ ಪಾಠ ಅದು. ಆ ಏರಿನಲ್ಲಿ ಎರಡು ಸಲ ಬಿಗಿಯಿತು. ಅಮ್ಮ ಹಿಂದಿನಿಂದ ಬೆನ್ನು ತಟ್ಟಿ, "ಏನೋ ಸದ್ದು ಬರ್ತಿದೆ ಕಣೋ, ನಿಲ್ಲಿಸು" ಎಂದಳು. ನನಗೆ ಇಪ್ಪತ್ತೊಂದು. ಅಮ್ಮ ಹೇಳಿದಳೆಂದು ಗಾಡಿ ನಿಲ್ಲಿಸುವ ವಯಸ್ಸಲ್ಲ. ಇನ್ನಷ್ಟು ತಿರುವಿದೆ.

ಇಂಜಿನ್ ಕೆಟ್ಟದ್ದು ನಿನ್ನ ರಟ್ಟಿನಿಂದ. ಅಮ್ಮ ಬಿದ್ದದ್ದು ನನ್ನ ಕೈಯಿಂದ. ನಿನ್ನದನ್ನು ನೀನು ಇಟ್ಟುಕೋ. ನನ್ನದನ್ನೂ ನೀನೇ ಹೊತ್ತುಕೊಳ್ಳುವುದು ಬೇಡ.

ಊರು ಬಿಟ್ಟಾಗ ಅಮ್ಮ ಇನ್ನೂ ಆಸ್ಪತ್ರೆಯ ಹಾಸಿಗೆಯಲ್ಲಿದ್ದಳು. ಅವಳು ಎದ್ದು ನಡೆದದ್ದನ್ನು ನಾನು ನೋಡಿಲ್ಲ. ಕೋಲು ಹಿಡಿಯುತ್ತಾಳೆ ಎಂದು ಯಾರೋ ಹೇಳಿದ್ದರು. ಮೂವತ್ತು ವರ್ಷ ಅವಳನ್ನು ನನ್ನ ಮನಸ್ಸಿನಲ್ಲೇ ನಡೆಸಿದ್ದೇನೆ, ಒಂದೊಂದು ದಿನ ಒಂದೊಂದು ಥರ. ಬರದೇ ಇದ್ದದ್ದು ಅಪ್ಪ ಬೇಡ ಎಂದದ್ದಕ್ಕಲ್ಲ. ಅದನ್ನು ನೋಡಬೇಕಾಗುತ್ತದಲ್ಲ, ಅದಕ್ಕೆ.

ಅಮ್ಮ ಹೇಗೆ ನಡೆಯುತ್ತಾಳೆ? ನನಗೆ ಸಮಾಧಾನ ಮಾಡಲು ಬರೆಯಬೇಡ. ಇದ್ದ ಹಾಗೆ ಬರೆ.


ಅಕ್ಟೋಬರ್ ೧೪, ೧೯೯೭

ಅಣ್ಣಾ,

ಇಂಜಿನ್ ಭಾನುವಾರ ಶುರುವಾಯಿತು, ಹದಿನಾಲ್ಕನೇ ಕಿಕ್ಕಿಗೆ. ಎರಡು ನಿಮಿಷ ಓಡಿಸಿ ನಿಲ್ಲಿಸಿದೆ. ಹಜಾರದ ತುಂಬ ಹೊಗೆ.

ನೀನು ಕೇಳಿದ್ದಕ್ಕೆ ಉತ್ತರ.

ಎಡಗಾಲು ಬಲಗಾಲಿಗಿಂತ ಮುಕ್ಕಾಲು ಇಂಚು ಗಿಡ್ಡ. ನಾನೇ ಟೇಪು ಹಿಡಿದು ಅಳೆದದ್ದು. ಎಡ ಚಪ್ಪಲಿಗೆ ಅರ್ಧ ಇಂಚಿನ ರಬ್ಬರ್ ಅಂಟಿಸಿದೆ, ಉಳಿದ ಕಾಲು ಇಂಚನ್ನು ಅವಳು ಸೊಂಟದಲ್ಲಿ ಸರಿದೂಗಿಸುತ್ತಾಳೆ. ಎಡಗಾಲು ನೇರ ಮುಂದೆ ಬರುವುದಿಲ್ಲ, ಬಾಗಿಲು ತೆರೆದ ಹಾಗೆ ಹೊರಗಿನಿಂದ ಸುತ್ತಿ ಬರುತ್ತದೆ. ಅದನ್ನು ಊರುವಾಗ ಎಡ ಭುಜ ಇಳಿಯುತ್ತದೆ. ಅವಳ ಬಟ್ಟೆಗಳ ಅಂಚನ್ನು ಎಡಗಡೆ ಅಷ್ಟೇ ಮೇಲೆ ಮಡಿಸಿ ಹೊಲಿಯುತ್ತೇನೆ. ನಿಂತಾಗ ನೆಲಕ್ಕೆ ಸಮನಾಗಿ ಕಾಣುತ್ತದೆ, ಗೊತ್ತಿಲ್ಲದವರಿಗೆ ತಿಳಿಯುವುದಿಲ್ಲ.

ಮೆಟ್ಟಿಲು ಹತ್ತುವಾಗ ಬಲಗಾಲು ಮೊದಲು, ಇಳಿಯುವಾಗ ಎಡಗಾಲು. ಬೆಳಿಗ್ಗೆ ಎದ್ದ ಕೂಡಲೇ ಮೊದಲ ಹತ್ತು ಹೆಜ್ಜೆ ನೋಯುತ್ತದೆ. ಆ ಹತ್ತು ಹೆಜ್ಜೆ ಗೋಡೆ ಹಿಡಿದೇ ನಡೆಯುತ್ತಾಳೆ. ಅವಳ ಕೈ ಓಡಾಡುವ ಎತ್ತರದಲ್ಲಿ ಸುಣ್ಣ ಸವೆದು ಒಂದು ಪಟ್ಟೆಯಾಗಿದೆ. ವರ್ಷಕ್ಕೆ ನಾಲ್ಕೈದು ಕೆಟ್ಟ ದಿನಗಳಿರುತ್ತವೆ. ಆಗ ಹಾಸಿಗೆ ಬಿಟ್ಟು ಏಳುವುದಿಲ್ಲ, ಗೋಡೆ ಕಡೆ ಮುಖ ಮಾಡಿ ಮಲಗುತ್ತಾಳೆ, ಮಾತೂ ಆಡುವುದಿಲ್ಲ. ಇದ್ದ ಹಾಗೆ ಬರೆ ಎಂದೆ, ಅದಕ್ಕೇ ಇದನ್ನೂ ಬರೆದೆ.

ಕೋಲು ಇದೆ. ನಡೆಯಲು ಹಿಡಿಯುವುದಕ್ಕಿಂತ, ಅಂಗಡಿಯವನಿಗೆ ಮೇಲಿನ ಹಲಗೆಯ ಸಾಮಾನು ತೋರಿಸಲು, ನಾಯಿ ಗದರಿಸಲು ಹೆಚ್ಚು ಬೇಕಾಗುತ್ತದೆ. ನಿಧಾನ ಎಂದು ಮಾತ್ರ ಅಂದುಕೊಳ್ಳಬೇಡ. ಮಾರ್ಕೆಟ್ಟಿಗೆ ಜೊತೆಯಲ್ಲಿ ಹೋದರೆ ಹಿಂದೆ ಬೀಳುವವಳು ನಾನು. ತಿರುಗಿ ನಿಂತು, ಎರಡು ಕಾಲೂ ಸರಿ ಇರೋರು ಹೀಗೆ ನಡೀತೀರಲ್ಲೇ ಎಂದು ಬೀದಿಗೆಲ್ಲ ಕೇಳುವಂತೆ ಹೇಳುತ್ತಾಳೆ.

ನಿನ್ನ ಪತ್ರವನ್ನು ಒಂದಕ್ಷರ ಬಿಡದೆ ಓದಿದೆ, ಕ್ಲಚ್ಚಿನದನ್ನೂ. "ಅದು ನನಗೆ ಅವತ್ತೇ ಗೊತ್ತು. ಹಿಂದೆ ಕೂತಿದ್ದವಳು ನಾನಲ್ವಾ" ಎಂದಳು. ಹಾಗಾದರೆ ಅಪ್ಪನಿಗೆ ಹೇಳಿದ್ದೆಯಾ ಎಂದು ಕೇಳಿದೆ. ಯಾರಿಗೂ ಹೇಳಲಿಲ್ಲವಂತೆ.

ನಾನು ಇಷ್ಟನ್ನು ಬರೆದು ಓದಿ ಹೇಳಿದೆ. ಅಂಚು ಮಡಿಸಿ ಹೊಲಿಯುವ ಮಾತು ಬಂದಾಗ, ಅದನ್ನೆಲ್ಲ ಯಾಕೆ ಬರೀತೀಯ ಎಂದು ಮುಖ ಸಿಂಡರಿಸಿದಳು. ಕೊನೆಗೆ ಒಂದು ಮಾತು ಸೇರಿಸಲು ಹೇಳಿದ್ದಾಳೆ, ಅವಳು ಹೇಳಿದಂತೆಯೇ ಬರೆಯುತ್ತಿದ್ದೇನೆ:

"ಬರೋ ದಿನ, ಬಸ್ಸು ಎಷ್ಟು ಗಂಟೆಗೆ ಅಂತ ಬರಿಯೋಕೆ ಹೇಳು. ಬಸ್ ಸ್ಟ್ಯಾಂಡಿಗೆ ನಾನೊಬ್ಬಳೇ ಹೋಗ್ತೀನಿ, ನೀನು ಬರಬೇಡ. ಅವನು ಇಳಿದು ಅಲ್ಲೇ ನಿಂತಿರ್ಲಿ. ನಾನು ಆ ತುದಿಯಿಂದ ನಡ್ಕೊಂಡು ಬರ್ತೀನಿ. ನೋಡ್ಲಿ."

ತಂಗಿ